ಹೆಸರಿನ ಪ್ರಶ್ನೆಗೆ ಉತ್ತರ ಹುಡುಕಿದ ಪಂಡಿತ ಅಯೋತಿದಾಸರು


*ಇಂದಿನ ಧಮ್ಮ ಚಿಂತನೆ*



ಮೇ ತಿಂಗಳೆಂದರೆ ನಮಗೆ ಬುದ್ಧಪೂರ್ಣಿಮೆಯ ತಿಂಗಳು. ಇದೇ ತಿಂಗಳಲ್ಲಿ ಹುಟ್ಟಿ, ಇದೇ ತಿಂಗಳಲ್ಲಿ ತೀರಿಕೊಂಡ ಹಿರಿಯರೊಬ್ಬರನ್ನು ಇಂದು ನೆನೆಯೋಣ. ಅವರು ಪಂಡಿತ ಅಯೋತಿದಾಸರು. ಹುಟ್ಟಿದ್ದು 1845ರ ಮೇ 20ರಂದು, ತೀರಿಕೊಂಡದ್ದು 1914ರ ಮೇ 5ರಂದು. ಅವರು ತಮಿಳರು. ಬದುಕಿನ ಹೆಚ್ಚಿನ ಕಾಲ ಇದ್ದದ್ದು ನೀಲಗಿರಿಯಲ್ಲಿ ಮತ್ತು ಮದರಾಸಿನ ರಾಯಪೇಟೆಯಲ್ಲಿ. ಹಾಗಾದರೆ ಬೆಂಗಳೂರಿನ ನಾವು ಅವರನ್ನು ಏಕೆ ನೆನೆಯಬೇಕು?

ನಮ್ಮ ಊರಿನಲ್ಲಿ ಬೌದ್ಧರು ಎಂದರೆ ಹೆಚ್ಚಿನವರಿಗೆ ಮೂರು ಚಿತ್ರಗಳು ಕಣ್ಣಿಗೆ ಬರುತ್ತವೆ. ಒಂದು, 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಗಾಂಧಿನಗರದಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ. ಎರಡು, ಅದೇ ವರ್ಷ ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ಮೇಲೆ ಬೌದ್ಧರಾದ ಕುಟುಂಬಗಳು. ಮೂರು, 1960ರ ನಂತರ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟಿನ ಜನ. ಆದರೆ ಇವೆಲ್ಲಕ್ಕೂ ಅರ್ಧ ಶತಮಾನ ಮೊದಲೇ ಬೆಂಗಳೂರು ದಂಡಿನಲ್ಲೂ ಕೋಲಾರದ ಚಿನ್ನದ ಗಣಿಯಲ್ಲೂ ತಮ್ಮನ್ನು ಬೌದ್ಧರೆಂದು ಕರೆದುಕೊಂಡ ಒಂದು ಜನಸಮುದಾಯ ಇತ್ತು. ಅವರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ತಮಿಳು ಕೂಲಿಗಳು, ಅಡುಗೆಯವರು, ಸಿಪಾಯಿಗಳ ಮಕ್ಕಳು. ಅವರಿಗೆ ಆ ಹೆಸರು ಸಿಕ್ಕಿದ್ದು ಅಯೋತಿದಾಸರಿಂದ. ಆ ಹೆಸರಿಗಾಗಿ ಒಬ್ಬ ಮನುಷ್ಯ ಎಷ್ಟು ದೂರ ನಡೆದರು ಎಂಬುದೇ ಇಂದಿನ ಚಿಂತನೆ.

*ಕಾತವರಾಯನ್ ಎಂಬ ಹುಡುಗ*

ತಂದೆತಾಯಿ ಇಟ್ಟ ಹೆಸರು ಕಾತವರಾಯನ್. ಅಯೋತಿದಾಸ ಎಂಬುದು ಅವರ ಗುರುವಿನ ಹೆಸರು. ಗುರುವಿನ ಮೇಲಿನ ಗೌರವಕ್ಕೆ ಶಿಷ್ಯ ಆ ಹೆಸರನ್ನೇ ತನ್ನದಾಗಿಸಿಕೊಂಡ. ಬದುಕಿಡೀ ಹೆಸರಿನ ಪ್ರಶ್ನೆಯ ಹಿಂದೆ ಹೋದವರು ಮೊದಲು ಬದಲಿಸಿದ್ದು ತಮ್ಮ ಹೆಸರನ್ನೇ.

ಅಜ್ಜ ಕಂದಪ್ಪನವರು ಜಾರ್ಜ್ ಹ್ಯಾರಿಂಗ್ಟನ್ ಎಂಬ ಇಂಗ್ಲಿಷ್ ಅಧಿಕಾರಿಯ ಮನೆಯಲ್ಲಿ ಬಟ್ಲರ್ ಆಗಿದ್ದರು. ಮನೆಯಲ್ಲಿ ಜೋಪಾನವಾಗಿದ್ದ ತಿರುಕ್ಕುರಳಿನ ಓಲೆಗರಿಗಳನ್ನು ಅಜ್ಜ ತಮ್ಮ ದೊರೆಗೆ ಕೊಟ್ಟರು, ಅವು ಆತನ ಮೂಲಕ ತಮಿಳು ವಿದ್ವಾಂಸ ಎಲ್ಲಿಸ್ ಅವರ ಕೈ ಸೇರಿದವು ಎಂದು ಅಯೋತಿದಾಸರು ಮುಂದೆ ಬರೆದಿದ್ದಾರೆ. ಊರಿನ ಕಣ್ಣಿಗೆ ಅಸ್ಪೃಶ್ಯವಾಗಿದ್ದ ಮನೆಯೊಳಗೆ ಓಲೆಗರಿ ಇತ್ತು, ಓದು ಇತ್ತು, ವೈದ್ಯ ಇತ್ತು. ಹೊರಗಿನವರು ಕೂಗುವ ಹೆಸರೇ ಬೇರೆ, ಮನೆಯೊಳಗಿನ ಬದುಕೇ ಬೇರೆ. ಈ ಅಂತರವನ್ನು ಆ ಹುಡುಗ ಚಿಕ್ಕಂದಿನಲ್ಲೇ ಕಂಡ.

ಕುಟುಂಬ ನೀಲಗಿರಿಯಲ್ಲಿ ನೆಲೆಸಿತು. ಹುಡುಗ ತಮಿಳು, ಸಂಸ್ಕೃತ, ಪಾಲಿ, ಇಂಗ್ಲಿಷ್ ಕಲಿತ. ಸಿದ್ಧವೈದ್ಯ ಕಲಿತು ಪಂಡಿತನೆನಿಸಿಕೊಂಡ. ನಾಡಿ ಹಿಡಿದು ಮದ್ದು ಕೊಡುವ ಈ ಕಸುಬು ಕೊನೆಯವರೆಗೂ ಅವರ ಅನ್ನದ ದಾರಿಯಾಗಿತ್ತು.

*ಎಲ್ಲರೂ ಒಂದೇ ಎಂಬ ಮಾತು ಸಾಕಾಗಲಿಲ್ಲ*

ಅವರು ಶುರುವಿನಲ್ಲಿ ಬೌದ್ಧರಲ್ಲ. 1870ರ ದಶಕದಲ್ಲಿ ನೀಲಗಿರಿಯಲ್ಲಿ ಅವರು ಕಟ್ಟಿದ್ದು ಅದ್ವೈತಾನಂದ ಸಭೆ. ಎಲ್ಲರೊಳಗಿರುವುದೂ ಒಂದೇ, ಭೇದವೆಲ್ಲ ತೋರಿಕೆ ಎಂಬ ವಿಚಾರ ಅವರನ್ನು ಸೆಳೆದಿತ್ತು. ಮೇಲುಕೀಳಿನ ನೋವು ಉಂಡವರಿಗೆ ಇದಕ್ಕಿಂತ ಹಿತವಾದ ಮಾತು ಯಾವುದಿದೆ?

ಆದರೆ ಸಭೆಯಲ್ಲಿ ಒಂದಾಗಿದ್ದವರು ಬಾವಿಯ ಬಳಿ ಬೇರೆಯಾಗುತ್ತಿದ್ದರು. ಗುಡಿಯ ಬಾಗಿಲಲ್ಲಿ ಬೇರೆಯಾಗುತ್ತಿದ್ದರು. ಸರ್ಕಾರಿ ಕಾಗದದಲ್ಲಂತೂ ಬೇರೆಯೇ ಆಗಿದ್ದರು. ಬ್ರಿಟಿಷರ ಜನಗಣತಿ ಶುರುವಾಗಿದ್ದ ಕಾಲ ಅದು. ಮನೆ ಬಾಗಿಲಿಗೆ ಬಂದವನು ಜಾತಿ ಕೇಳಿ ಬರೆದುಕೊಳ್ಳುತ್ತಿದ್ದ. ಊರವರು ಬೈಗುಳದಂತೆ ಬಳಸುತ್ತಿದ್ದ ಪರೆಯ ಎಂಬ ಹೆಸರೇ ಸರ್ಕಾರದ ದಾಖಲೆಗೂ ಹೋಗುತ್ತಿತ್ತು. ಇಂಗ್ಲಿಷ್ ಭಾಷೆಯಲ್ಲಿ ಆ ಹೆಸರು ಬಹಿಷ್ಕೃತ ಎಂಬ ಅರ್ಥದ ಪದವೇ ಆಗಿಹೋಯಿತು.

ಅಯೋತಿದಾಸರು 1885ರಲ್ಲಿ ಜಾನ್ ರತ್ನಂ ಎಂಬ ಕ್ರೈಸ್ತ ಬೋಧಕರ ಜೊತೆ ಸೇರಿ ದ್ರಾವಿಡ ಪಾಂಡಿಯನ್ ಎಂಬ ಪತ್ರಿಕೆ ತಂದರು. ಮರುವರ್ಷ, ಅಸ್ಪೃಶ್ಯರೆನಿಸಿಕೊಂಡವರು ಹಿಂದೂಗಳಲ್ಲ ಎಂದು ಸಾರಿದರು. ಜನಗಣತಿಯಲ್ಲಿ ತಮ್ಮವರನ್ನು ಜಾತಿಯಿಲ್ಲದ ಮೂಲ ತಮಿಳರೆಂದು ಬರೆಯಬೇಕು ಎಂದು ಒತ್ತಾಯಿಸಿದರು. 1891ರಲ್ಲಿ ದ್ರಾವಿಡ ಮಹಾಜನ ಸಭೆ ಕಟ್ಟಿ, ಆ ವರ್ಷದ ಡಿಸೆಂಬರ್ 1ರಂದು ನೀಲಗಿರಿಯಲ್ಲಿ ಸಮ್ಮೇಳನ ನಡೆಸಿದರು. ಅಲ್ಲಿ 10 ನಿರ್ಣಯಗಳಾದವು. ಹೀನ ಹೆಸರಿನಿಂದ ಕರೆಯುವುದನ್ನು ಅಪರಾಧವೆಂದು ಪರಿಗಣಿಸಬೇಕು, ಮಕ್ಕಳಿಗೆ ಶಾಲೆ ಬೇಕು, ಸಾರ್ವಜನಿಕ ಬಾವಿ ಕೆರೆಗಳ ನೀರು ಬೇಕು, ಓದಿದವರಿಗೆ ಸರ್ಕಾರಿ ನೌಕರಿ ಬೇಕು ಎಂಬುವು ಅವುಗಳಲ್ಲಿ ಸೇರಿದ್ದವು. ಹೆಸರಿನ ಮಾತನ್ನು ಅವರು ನೀರಿನ ಮಾತಿನಿಂದ, ಅಕ್ಷರದ ಮಾತಿನಿಂದ ಬೇರೆ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು.

ಮರುವರ್ಷ, 1892ರಲ್ಲಿ, ಮದರಾಸ್ ಮಹಾಜನ ಸಭೆಯ ಸಮ್ಮೇಳನದಲ್ಲಿ ಅವರು ಎದ್ದು ನಿಂತು ಒಂದು ನೇರವಾದ ಪ್ರಶ್ನೆ ಕೇಳಿದರು. ಶಿವ, ವಿಷ್ಣು ಎಲ್ಲರ ದೇವರೆನ್ನುವುದಾದರೆ ಆ ದೇವರ ಗುಡಿಗೆ ತಮ್ಮ ಜನ ಏಕೆ ಹೋಗಬಾರದು ಎಂಬುದೇ ಆ ಪ್ರಶ್ನೆ. ಸಭೆಯಲ್ಲಿ ಗದ್ದಲವೆದ್ದಿತು. ನಿಮ್ಮ ಜನಕ್ಕೆ ನಿಮ್ಮದೇ ಕೇರಿಯ ದೇವರುಗಳಿದ್ದಾರಲ್ಲ ಎಂಬ ಅರ್ಥದ ಉತ್ತರ ಬಂತು. ಒಳಗೆ ಕರೆದು ಸೇರಿಸಿಕೊಂಡವರೇ ಬಾಗಿಲು ಹಾಕಿದ ಹಾಗಾಯಿತು. ಅಲ್ಲಿಂದಾಚೆ ಅವರು ಆ ಬಾಗಿಲು ತಟ್ಟಲಿಲ್ಲ. ತಮ್ಮ ಜನ ಹಿಂದೆ ಯಾವ ಮನೆಯಲ್ಲಿದ್ದರು ಎಂದು ಹುಡುಕಲು ಹೊರಟರು.

*ಭಾವ ಮೈದುನರ ಎರಡು ದಾರಿ*

ಅಯೋತಿದಾಸರ ಹೆಂಡತಿ ಧನಲಕ್ಷ್ಮಿಯವರ ಸಹೋದರ ರೆಟ್ಟಮಲೆ ಶ್ರೀನಿವಾಸನ್. ಮುಂದೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಬಾಬಾಸಾಹೇಬರ ಜೊತೆ ಹೋದವರು ಇವರೇ. 1893ರಲ್ಲಿ ಅವರೂ ಒಂದು ಪತ್ರಿಕೆ ಶುರುಮಾಡಿದರು. ಅದಕ್ಕೆ ಪರೆಯನ್ ಎಂದೇ ಹೆಸರಿಟ್ಟರು. ಲೋಕ ಯಾವ ಹೆಸರಿನಿಂದ ನಮ್ಮನ್ನು ತಗ್ಗಿಸುತ್ತದೋ ಅದನ್ನೇ ತಲೆಯೆತ್ತಿ ಹೇಳಿಕೊಂಡರೆ ನಾಚಿಕೆ ಹೋಗುತ್ತದೆ ಎಂಬುದು ಅವರ ನಿಲುವು.

ಅಯೋತಿದಾಸರ ನಿಲುವು ಇದಕ್ಕೆ ತದ್ವಿರುದ್ಧ. ಬೇರೆಯವರು ಹಗೆಯಿಂದ ಅಂಟಿಸಿದ ಹೆಸರು ನಮ್ಮದಲ್ಲ, ಅದನ್ನು ಒರೆಸಿಹಾಕಬೇಕು ಎಂದು ಅವರು ನಂಬಿದ್ದರು. ಒಂದೇ ಮನೆತನದ ಇಬ್ಬರು, ಒಂದೇ ಗಾಯ, ಆದರೆ ಎರಡು ಮದ್ದು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಅವಸರ ನಮಗೆ ಬೇಡ. ಗಾಯವಿಲ್ಲದವರು ಮದ್ದಿನ ಬಗ್ಗೆ ಸುಲಭವಾಗಿ ಮಾತಾಡುತ್ತಾರೆ.

*ಕೊಲಂಬೊಗೆ ಪಯಣ*

ಮದರಾಸಿನ ಅಡ್ಯಾರಿನಲ್ಲಿ ಥಿಯಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಇದ್ದರು. ಅವರು ಅಮೆರಿಕದವರು, 1880ರಲ್ಲಿ ಸಿಂಹಳದಲ್ಲಿ ಪಂಚಶೀಲ ಸ್ವೀಕರಿಸಿದವರು. ಮದರಾಸಿನ ಬಡಮಕ್ಕಳಿಗಾಗಿ 1894ರಿಂದ ಉಚಿತ ಶಾಲೆಗಳನ್ನು ನಡೆಸುತ್ತಿದ್ದರು. 1898ರಲ್ಲಿ ಅಯೋತಿದಾಸರು ತಮ್ಮವರನ್ನು ಕರೆದುಕೊಂಡು ಹೋಗಿ ಆಲ್ಕಾಟ್ ಅವರನ್ನು ಕಂಡರು. ತಮ್ಮ ಪೂರ್ವಿಕರು ಬೌದ್ಧರಾಗಿದ್ದರು, ತಾವು ಮತ್ತೆ ಆ ಧಮ್ಮಕ್ಕೆ ಮರಳಬೇಕು, ಅದಕ್ಕೆ ನೆರವು ಬೇಕು ಎಂದು ಕೇಳಿದರು.

ಆ ವರ್ಷವೇ ಅಯೋತಿದಾಸರೂ, ಆ ಶಾಲೆಗಳಲ್ಲೊಂದರ ಹೆಡ್‌ಮಾಸ್ಟರ್ ಕೃಷ್ಣಸ್ವಾಮಿಯವರೂ ಆಲ್ಕಾಟ್ ಜೊತೆ ಕೊಲಂಬೊಗೆ ಹೋದರು. ಅಲ್ಲಿನ ವಿದ್ಯೋದಯ ಪಿರಿವೇಣದ ಹಿರಿಯ ಭಿಕ್ಖು ಹಿಕ್ಕಡುವೆ ಸುಮಂಗಲ ಥೇರರಿಂದ ಪಂಚಶೀಲ ಸ್ವೀಕರಿಸಿದರು. ಊರಿನ ಗುಡಿಯ ಹೊಸ್ತಿಲು ದಾಟಲಾಗದವರು ಸಮುದ್ರ ದಾಟಿ ಬುದ್ಧನ ಮುಂದೆ ಕೈಮುಗಿದು ನಿಂತರು. ಅಯೋತಿದಾಸರಿಗೆ ಆಗ 53 ವರ್ಷ.

ಮರಳಿ ಬಂದು ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘವನ್ನು ಕಟ್ಟಿದರು. ಶಾಕ್ಯ ಎಂಬ ಪದ ಏಕೆ ಮುಖ್ಯ ಎಂಬುದನ್ನು ನಮ್ಮ ಬಳಗದ ಹಳಬರು ಬಲ್ಲರು. ಗಂಗೆ ಯಮುನೆಯಂಥ ಹೊಳೆಗಳು ಸಾಗರ ಸೇರಿದ ಮೇಲೆ ತಮ್ಮ ತಮ್ಮ ಹೆಸರು ಬಿಡುತ್ತವೆ. ಹಾಗೆಯೇ ಯಾವ ಕುಲದಿಂದ ಬಂದವರೂ ಸಂಘ ಸೇರಿದ ಮೇಲೆ ಹಳೆಯ ಕುಲನಾಮ ಬಿಟ್ಟು ಶಾಕ್ಯಮುನಿಯ ಮಕ್ಕಳೆನಿಸಿಕೊಳ್ಳುತ್ತಾರೆ ಎಂದು ಭಗವಾನರು ಬೋಧಿಸಿದ್ದಾರೆ. ಕುಲದ ಹೆಸರಿನಿಂದಲೇ ನೊಂದ ಜನಕ್ಕೆ ಈ ಬೋಧನೆ ಹೇಗೆ ಕೇಳಿಸಿರಬಹುದು ಎಂದು ಒಂದು ಕ್ಷಣ ಯೋಚಿಸಿ.

*ರೈಲು ಹಿಡಿದು ಬಂದವರು*

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ದಂಡು ಪ್ರದೇಶ ಶುರುವಾದದ್ದು 1809ರಲ್ಲಿ. 1834ರಲ್ಲಿ ಮದರಾಸ್ ಸ್ಯಾಪರ್ಸ್ ಪಡೆ ಹಲಸೂರಿನ ಕಡೆಗೆ ಬಂತು. ದಂಡು ಬಂದ ಮೇಲೆ ದಂಡಿಗೆ ಬೇಕಾದವರೆಲ್ಲ ಬಂದರು. ಸಿಪಾಯಿಗಳು, ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ಆಯಾಗಳು, ತೋಟದ ಮಾಲಿಗಳು, ಗಾರೆ ಕೆಲಸದವರು. ಇವರಲ್ಲಿ ಬಹಳ ಮಂದಿ ತಮಿಳು ಸೀಮೆಯವರು. 1864ರಲ್ಲಿ ಜೋಲಾರಪೇಟೆಯಿಂದ ಕಂಟೋನ್ಮೆಂಟ್‌ಗೆ ರೈಲು ಬಂದ ಮೇಲೆ ದಾರಿ ಇನ್ನೂ ಸುಲಭವಾಯಿತು. ಇಂದು ನಾವು ಶಿವಾಜಿನಗರ ಎನ್ನುವ ಅಂದಿನ ಬ್ಲಾಕ್‌ಪಲ್ಲಿ, ಹಲಸೂರು, ಆಮೇಲೆ 1906ರಲ್ಲಿ ಶುರುವಾದ ಫ್ರೇಜರ್ ಟೌನ್, ಇವು ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುವ ಜಾಗಗಳಾದವು.

ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ ಎಂಬುದು ನೆನಪಿರಲಿ. ಪೇಟೆ ಮೈಸೂರು ಮಹಾರಾಜರದು. 1881ರ ನಂತರ ದಂಡು ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲಿ ಉಳಿಯಿತು. ಎರಡೂ ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ವಲಸೆ ಬಂದವರು ಪೇಟೆಯವರಿಗೆ ಹೊರಗಿನವರು, ದಂಡಿನ ದೊರೆಗಳಿಗೆ ಆಳುಗಳು.

ಕಂಟೋನ್ಮೆಂಟಿನಿಂದ ಪೂರ್ವಕ್ಕೆ ಹೊರಟ ರೈಲು ಕೃಷ್ಣರಾಜಪುರ, ಮಾಲೂರು ದಾಟಿ ಬಂಗಾರಪೇಟೆಗೆ ಹೋಗುತ್ತದೆ. 1890ರ ದಶಕದಲ್ಲಿ ಅಲ್ಲಿಂದ ಚಿನ್ನದ ಗಣಿಯ ಮಾರಿಕುಪ್ಪಂವರೆಗೆ ಒಂದು ಕವಲು ಹಾಕಿದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಗಣಿಗೆ ಬೇಕಾದ ಕೈಗಳು ಬಹುಪಾಲು ಬಂದದ್ದು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂತು, ಬೆಂಗಳೂರಿಗೆ ಬಂದದ್ದು ಅದರ ಮೂರು ವರ್ಷದ ಮೇಲೆ. ಯಂತ್ರಗಳಿಗೆ ಕರೆಂಟು ಬಂತು. ಭೂಮಿಯ ಆಳಕ್ಕಿಳಿಯುವ ಕೂಲಿಯವರು ಇದ್ದದ್ದು ತಟ್ಟಿ ಮನೆಗಳ ಲೈನುಗಳಲ್ಲಿ.

ಊರು ಬಿಟ್ಟವರಿಗೆ ಒಂದು ಆಸೆ ಇರುತ್ತದೆ. ಹೊಸ ಜಾಗದಲ್ಲಿ ತಮ್ಮನ್ನು ಯಾರೂ ಹಳೆಯ ಹೆಸರಿನಿಂದ ಕೂಗುವುದಿಲ್ಲ ಎಂಬ ಆಸೆ. ಗೌಡರ ಹೊಲ ಹಿಂದೆ ಉಳಿಯಿತು, ತಿಂಗಳಿಗೆ ಕೈಗೆ ಕಾಸು ಬಂತು, ಅದು ನಿಜ. ಆದರೆ ಹೆಸರು ಕೂಡ ಅದೇ ರೈಲಿನಲ್ಲಿ ಹಿಂದೆಯೇ ಬಂದಿತ್ತು. ಹೊಸ ಊರಿನಲ್ಲೂ ಬೀದಿ ಬೇರೆ, ನೀರು ಬೇರೆ ಎಂಬುದು ತಪ್ಪಲಿಲ್ಲ. ಇಂಥವರ ಮುಂದೆ ಹಲವು ದಾರಿಗಳಿದ್ದವು. ಕೆಲವರು ಚರ್ಚಿಗೆ ಹೋದರು. ಕೆಲವರು ಮಾರಿಯಮ್ಮನ ಗುಡಿ ಕಟ್ಟಿಕೊಂಡು ಹಳೆಯ ಭಕ್ತಿಯಲ್ಲೇ ಇದ್ದರು. ಇನ್ನು ಕೆಲವರು ರಾಯಪೇಟೆಯ ಪಂಡಿತರ ಮಾತಿಗೆ ಕಿವಿಗೊಟ್ಟರು. ಮಾರಿಕುಪ್ಪಂನಲ್ಲಿ 1907ರ ಹೊತ್ತಿಗೆ ಬೌದ್ಧ ಸಂಘ ಬೇರುಬಿಟ್ಟಿತು. ಚಾಂಪಿಯನ್ ರೀಫ್ಸ್‌ನಲ್ಲಿ, ಬೆಂಗಳೂರಿನಲ್ಲಿ ಶಾಖೆಗಳಾದವು. ಹಾಗೆಯೇ ತಮಿಳು ಕೂಲಿಗಳು ಹಡಗು ಹತ್ತಿ ಹೋಗಿದ್ದ ರಂಗೂನಿನಲ್ಲೂ ದಕ್ಷಿಣ ಆಫ್ರಿಕಾದ ನಟಾಲಿನಲ್ಲೂ ಶಾಖೆಗಳು ಎದ್ದವು.

ಈ ಊರುಗಳ ಪಟ್ಟಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಇವೆಲ್ಲ ವಲಸೆ ಹೋದವರ ಊರುಗಳು. ಹೊಲದ ಯಜಮಾನನ ಹಂಗು ಕಳಚಿದ ಕಡೆ, ಕೈಯಲ್ಲಿ ನಾಲ್ಕು ಕಾಸು ಇರುವ ಕಡೆ, ತಮ್ಮನ್ನು ತಾವೇ ಹೆಸರಿಸಿಕೊಳ್ಳುವ ಧೈರ್ಯ ಮೊದಲು ಬಂತು.

*ಒಂದು ಪೈಸೆಯ ಪತ್ರಿಕೆ*

1907ರ ಜೂನ್ 19ರಂದು ಅಯೋತಿದಾಸರು ರಾಯಪೇಟೆಯಿಂದ ಒಂದು ವಾರಪತ್ರಿಕೆ ಶುರುಮಾಡಿದರು. ಬೆಲೆಯೇ ಅದರ ಹೆಸರು: ಒರು ಪೈಸಾ ತಮಿಳನ್. ಮರುವರ್ಷ ಅದು ತಮಿಳನ್ ಆಯಿತು. ಕೂಲಿಯವನೂ ಕೊಳ್ಳಬಹುದಾದ ಬೆಲೆ. ಓದು ಬಲ್ಲವನೊಬ್ಬ ಕೊಂಡರೆ ಸುತ್ತ ಕೂತವರೆಲ್ಲ ಕೇಳಬಹುದಿತ್ತು. ಕೋಲಾರದ ಗಣಿಯ ಬಂಧುಗಳು ಈ ಪತ್ರಿಕೆಗೆ ದೊಡ್ಡ ಆಸರೆಯಾಗಿದ್ದರು.

ಅದರಲ್ಲಿ ಧಮ್ಮವಿತ್ತು, ರಾಜಕೀಯವಿತ್ತು, ಮದ್ದಿನ ಮಾತಿತ್ತು, ಬೇಸಾಯವಿತ್ತು, ಓದುಗರ ಪ್ರಶ್ನೆಗಳಿಗೆ ಉತ್ತರವಿತ್ತು. ಜನ ಆಗಲೇ ಆಚರಿಸುತ್ತಿದ್ದ ಹಬ್ಬಗಳನ್ನು ಬಿಟ್ಟುಬಿಡಿ ಎಂದು ಪಂಡಿತರು ಹೇಳಲಿಲ್ಲ. ಆ ಹಬ್ಬಗಳಿಗೆ ಬೌದ್ಧ ಅರ್ಥ ಕೊಟ್ಟರು. ದೀಪಾವಳಿಯ ಎಣ್ಣೆಸ್ನಾನವನ್ನು, ಬೌದ್ಧ ಭಿಕ್ಖುಗಳು ಎಳ್ಳೆಣ್ಣೆಯ ಗುಣ ಕಂಡುಹಿಡಿದ ನೆನಪು ಎಂದು ವಿವರಿಸಿದರು. ಅಂಬಿಕಾ ದೇವಿಯನ್ನು ಬೌದ್ಧ ಭಿಕ್ಖುಣಿ ಎಂದರು. ತಿರುವಳ್ಳುವರ್, ಅವ್ವೈಯಾರ್ ಇಬ್ಬರನ್ನೂ ಬೌದ್ಧ ಪರಂಪರೆಯಲ್ಲಿ ಇಟ್ಟು ಓದಿದರು. ಐದು ಇಂದ್ರಿಯಗಳನ್ನು ಗೆದ್ದವನೇ ಇಂದ್ರ, ಹಾಗಾಗಿ ಬುದ್ಧನೇ ಇಂದ್ರ, ಅವನ ದೇಶವೇ ಇಂಡಿಯಾ ಎಂದು ಇಂದಿರರ್ ದೇಸ ಸರಿತ್ತಿರಂ ಎಂಬ ಕೃತಿಯಲ್ಲಿ ಬಿಡಿಸಿ ಹೇಳಿದರು. 1912ರಲ್ಲಿ ಬುದ್ಧರದು ಆದಿವೇದಂ ಎಂಬ ದೊಡ್ಡ ಗ್ರಂಥ ಹೊರತಂದರು. 1911ರ ಜನಗಣತಿ ಬಂದಾಗ, ಧರ್ಮ ಕೇಳಿದರೆ ಬೌದ್ಧ ಎಂದೇ ಬರೆಸಿ ಎಂದು ತಮ್ಮವರಿಗೆ ಹೇಳಿದರು.

ಸಂಘದಲ್ಲಿ ಉಪನ್ಯಾಸಗಳು ನಡೆಯುತ್ತಿದ್ದವು. ಮದುವೆ, ಸಾವಿನ ಕರ್ಮಗಳು ಪುರೋಹಿತರಿಲ್ಲದೆ ಪಂಚಶೀಲದ ಕ್ರಮದಲ್ಲಿ ನಡೆಯತೊಡಗಿದವು. ಇದು ಸಣ್ಣ ಸಂಗತಿಯಲ್ಲ. ಪರಊರಿನಲ್ಲಿ ಕಷ್ಟಪಡುವ ಮನುಷ್ಯನಿಗೆ ದೊಡ್ಡ ಭಯ ಎಂದರೆ, ತಾನು ಸತ್ತರೆ ಹೊರುವವರು ಯಾರು ಎಂಬುದು. ಸಂಘ ಆ ಭಯಕ್ಕೆ ಉತ್ತರವಾಯಿತು.

*ಅವರ ಮಿತಿಗಳು*

ಮಿತ್ರರೇ, ಹಿರಿಯರನ್ನು ನೆನೆಯುವುದೆಂದರೆ ಹೊಗಳುವುದಷ್ಟೇ ಅಲ್ಲ. ಅಯೋತಿದಾಸರು ಬರೆದ ಇತಿಹಾಸವನ್ನು ಇಂದಿನ ಇತಿಹಾಸಕಾರರು ಹಾಗೆಯೇ ಒಪ್ಪುವುದಿಲ್ಲ. ಅವರು ಹೇಳಿದ ಎಷ್ಟೋ ಪದಗಳ ವ್ಯುತ್ಪತ್ತಿ ಭಾಷಾಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ತಮಿಳುನಾಡಿನಲ್ಲಿ ಒಂದು ಕಾಲಕ್ಕೆ ಬೌದ್ಧಧರ್ಮ ಬಲವಾಗಿತ್ತು ಎಂಬುದು ನಿಜ. ನಮ್ಮ ಮಸ್ಕಿ, ಬ್ರಹ್ಮಗಿರಿಯ ಅಶೋಕನ ಶಾಸನಗಳು, ಸನ್ನತಿಯ ಸ್ತೂಪ ಕರ್ನಾಟಕದ ಮಟ್ಟಿಗೂ ಅದನ್ನೇ ಹೇಳುತ್ತವೆ. ಆದರೆ ಒಂದು ಜಾತಿಯವರೆಲ್ಲರೂ ಆ ಬೌದ್ಧರ ವಂಶಸ್ಥರೇ ಎಂದು ತೋರಿಸುವುದು ಬೇರೆ ಮಾತು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ತಮ್ಮಂತೆಯೇ ತುಳಿತಕ್ಕೊಳಗಾದ ಕೆಲವು ಬೇರೆ ಸಮುದಾಯಗಳ ಬಗ್ಗೆ ಅವರು ಕಟುವಾಗಿ, ಕೀಳಾಗಿ ಬರೆದದ್ದುಂಟು. ತಮ್ಮವರನ್ನು ಮೇಲೆತ್ತುವ ಅವಸರದಲ್ಲಿ ಪಕ್ಕದವರನ್ನು ಕೆಳಗೆ ತಳ್ಳಿದರು. ಹೆಸರಿನ ಗಾಯ ಏನೆಂದು ಅಷ್ಟು ಚೆನ್ನಾಗಿ ಬಲ್ಲವರೇ ಬೇರೆಯವರಿಗೆ ಅದೇ ಗಾಯ ಮಾಡಿದರು. ಇದನ್ನು ಮುಚ್ಚಿಟ್ಟು ಅವರಿಗೆ ಹೂವು ಹಾಕಿದರೆ ನಾವು ಧಮ್ಮ ಕಲಿತಂತಾಗುವುದಿಲ್ಲ. ಹಾಗೆಂದು ಅವರ ಇಡೀ ಬದುಕನ್ನು ತಳ್ಳಿಹಾಕಿದರೂ ಕಲಿತಂತಾಗುವುದಿಲ್ಲ.

*ಅವರು ಹೋದ ಮೇಲೆ*

1914ರಲ್ಲಿ ಪಂಡಿತರು ತೀರಿಕೊಂಡರು. ಮಗ ಪಟ್ಟಾಭಿರಾಮನ್ ಸ್ವಲ್ಪ ಕಾಲ ಪತ್ರಿಕೆ ನಡೆಸಿದರು, ಆಮೇಲೆ ಅದು ನಿಂತಿತು. ಅದನ್ನು ಮತ್ತೆ ಎಬ್ಬಿಸಿದ್ದು ನಮ್ಮ ಕೋಲಾರದ ಗಣಿ. 1926ರಿಂದ ಜಿ. ಅಪ್ಪಾದುರೈ ಅವರು ತಮಿಳನ್ ಪತ್ರಿಕೆಯನ್ನು ಅಲ್ಲಿಂದ ಹೊರತಂದರು. ಪಂಡಿತರ ಪುಸ್ತಕಗಳನ್ನು ಅಲ್ಲಿನ ಸಿದ್ಧಾರ್ಥ ಪುಸ್ತಕಶಾಲೆ ಅಚ್ಚುಹಾಕಿ ಉಳಿಸಿತು. ಮದರಾಸು ಮರೆತ ಗುರುವನ್ನು ವಲಸೆ ಬಂದ ಗಣಿ ಕಾರ್ಮಿಕರು ನೆನಪಿಟ್ಟುಕೊಂಡರು.

ಗುರುತಿನ ಪ್ರಶ್ನೆ ಅವರನ್ನು ಬಿಡಲೂ ಇಲ್ಲ. 1930ರಲ್ಲಿ ಕಂಪನಿ ಕೂಲಿಯವರ ಬೆರಳಚ್ಚು ತೆಗೆದುಕೊಂಡು ದಾಖಲೆ ಮಾಡಲು ಹೊರಟಾಗ ಗಣಿಯಲ್ಲಿ ದೊಡ್ಡ ಮುಷ್ಕರವಾಯಿತು. ತಾವು ಯಾರೆಂಬುದನ್ನು ಇನ್ನೊಬ್ಬರು ಹೆಬ್ಬೆಟ್ಟು ಒತ್ತಿಸಿ ಬರೆದುಕೊಳ್ಳುವುದು ಬೇಡ ಎಂದು ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು.

ಅಯೋತಿದಾಸರ ಜೊತೆಯವರಾದ ಮದರಾಸಿನ ಪ್ರೊಫೆಸರ್ ಲಕ್ಷ್ಮೀನರಸು 1907ರಲ್ಲಿ ಬೌದ್ಧಧರ್ಮದ ಸಾರವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಿದ್ದರು. 1948ರಲ್ಲಿ ಅದನ್ನು ಮರುಮುದ್ರಣ ಮಾಡಿಸಿದವರು ಬಾಬಾಸಾಹೇಬ ಅಂಬೇಡ್ಕರ್. ಎಂಟು ವರ್ಷದ ಮೇಲೆ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಅವರು ಬೌದ್ಧರಾದರು. ಅಯೋತಿದಾಸರು ಕೊಲಂಬೊಗೆ ಹೋಗಿ ಆಗ 58 ವರ್ಷವಾಗಿತ್ತು. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿತು. ಆ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಈಗಲೂ ಬೆಳಗಿನ ರೈಲಿನಲ್ಲಿ ಮಾರಿಕುಪ್ಪಂನಿಂದ ಕೆ.ಆರ್. ಪುರ, ಕಂಟೋನ್ಮೆಂಟ್‌ಗೆ ಕೆಲಸಕ್ಕೆ ಬಂದು ಹೋಗುತ್ತಾರೆ. 2005ರಲ್ಲಿ ಭಾರತ ಸರ್ಕಾರ ಅಯೋತಿದಾಸರ ಅಂಚೆಚೀಟಿ ತಂದಿತು.

*ಅನತ್ತ ಕಲಿಯುವವರಿಗೆ ಹೆಸರೇಕೆ?*

ಈಗ ನಮ್ಮ ಅಧ್ಯಯನಕ್ಕೆ ಬೇಕಾದ ಪ್ರಶ್ನೆ. ನಾನು, ನನ್ನದು ಎಂದು ಹಿಡಿದುಕೊಳ್ಳುವಂಥದ್ದು ಯಾವುದೂ ಇಲ್ಲ ಎಂದು ಧಮ್ಮ ಹೇಳುತ್ತದೆ. ಹೀಗಿರುವಾಗ ಒಂದು ಜನಕ್ಕೆ ಹೊಸ ಗುರುತು ಕಟ್ಟಿಕೊಡಲು ಬದುಕಿಡೀ ಹೆಣಗಿದ ಅಯೋತಿದಾಸರು ಧಮ್ಮದ ದಾರಿಯಲ್ಲಿದ್ದರೋ, ದಾರಿ ತಪ್ಪಿದರೋ?

ತೆಪ್ಪದ ಉಪಮೆಯನ್ನು ನೆನೆಯಿರಿ. ಹೊಳೆ ದಾಟಲು ತೆಪ್ಪ ಬೇಕು. ದಾಟಿದ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ತಿರುಗಬಾರದು. ನಾವು ಈ ಉಪಮೆಯ ಎರಡನೆಯ ಅರ್ಧವನ್ನು ಮಾತ್ರ ನೆನಪಿಡುತ್ತೇವೆ. ದಡ ಸೇರಿದವರು, ಅಥವಾ ದಡದಲ್ಲೇ ಹುಟ್ಟಿದವರು, ನಡುನೀರಿನಲ್ಲಿ ಈಜುತ್ತಿರುವವನಿಗೆ ತೆಪ್ಪ ಬಿಟ್ಟುಬಿಡು ಎಂದು ಉಪದೇಶ ಮಾಡುವುದು ಧಮ್ಮವಲ್ಲ. ಜಾತಿ, ಭಾಷೆ, ಗುರುತು ಎಲ್ಲ ಮಾಯೆ ಎಂದು ಹೇಳುವುದು, ಯಾರೂ ಎಂದೂ ಬಾಗಿಲಲ್ಲಿ ನಿಲ್ಲಿಸಿ ಕೇಳದವರಿಗೆ ಸುಲಭ. ಅದ್ವೈತ ಸಭೆಯಲ್ಲಿ ಅಯೋತಿದಾಸರು ಕಂಡುಕೊಂಡದ್ದು ಇದನ್ನೇ.

ಹಾಗೆಯೇ ಅವರ ತಪ್ಪಿನಿಂದಲೂ ಕಲಿಯುವುದಿದೆ. ತೆಪ್ಪದಲ್ಲಿ ಕೂತವರು ಪಕ್ಕದಲ್ಲಿ ಮುಳುಗುತ್ತಿರುವವರ ಕೈಯನ್ನು ಒದ್ದರೆ, ಅದು ತೆಪ್ಪವಾಗಿ ಉಳಿಯುವುದಿಲ್ಲ. ಇನ್ನೊಂದು ಕೋಟೆಯಾಗುತ್ತದೆ. ಒಂದು ಹೆಸರು ಧಮ್ಮಕ್ಕೆ ಸೇರಿದ್ದೋ ಅಲ್ಲವೋ ಎಂದು ನೋಡಲು ಇದೇ ಒರೆಗಲ್ಲು: ಅದು ಹಿಡಿದವರನ್ನು ದಾಟಿಸುತ್ತದೆಯೇ, ಪಕ್ಕದವರಿಗೂ ಜಾಗ ಕೊಡುತ್ತದೆಯೇ?

ಇಂದು ನಮ್ಮ ಊರಿನ ಪೂರ್ವಭಾಗ ಮತ್ತೆ ಹೊಸಬರಿಂದ ತುಂಬಿದೆ. ಕಮ್ಮನಹಳ್ಳಿ, ಇಂದಿರಾನಗರ, ಕೆ.ಆರ್. ಪುರದ ಬಾಡಿಗೆ ಮನೆಗಳಲ್ಲಿ ಸಿಕ್ಕಿಂ, ಅರುಣಾಚಲ, ಲಡಾಖ್, ತ್ರಿಪುರಾ ಕಡೆಯ ಬೌದ್ಧ ಮನೆತನಗಳ ಹುಡುಗ ಹುಡುಗಿಯರಿದ್ದಾರೆ. ಹೋಟೆಲಿನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ಆಸ್ಪತ್ರೆಯಲ್ಲಿ, ಸೆಕ್ಯುರಿಟಿ ಕೆಲಸದಲ್ಲಿ ಅವರನ್ನು ದಿನವೂ ನೋಡುತ್ತೇವೆ. ಅವರಲ್ಲಿ ಎಷ್ಟೋ ಜನ ತಾತಮುತ್ತಾತರ ಕಾಲದಿಂದ ತ್ರಿಶರಣ ಹೇಳಿಕೊಂಡು ಬಂದವರು. ನಾವು ಪುಸ್ತಕದಿಂದ ಕಲಿತದ್ದನ್ನು ಅವರು ಅಮ್ಮನ ಮಡಿಲಲ್ಲಿ ಕಲಿತವರು. ಆದರೂ ಬೀದಿಯಲ್ಲಿ ಅವರನ್ನು ಕೂಗುವ ಹೆಸರುಗಳು ಎಂಥವು ಎಂದು ನಮಗೆಲ್ಲ ಗೊತ್ತು.

2012ರ ಆಗಸ್ಟ್ ನೆನಪಿದೆಯಲ್ಲವೇ? ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನಗಳಲ್ಲಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಸ್ಪೆಷಲ್ ರೈಲುಗಳನ್ನು ಬಿಡಬೇಕಾಯಿತು. ಒಂದೇ ಬಾರಿಗೆ ಹಲವರಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು ಸರ್ಕಾರ ಕೆಲವು ದಿನ ತಡೆಯಿತು. ಬೆಳಿಗ್ಗೆ ಎದ್ದ ಕೂಡಲೇ ಫಾರ್ವರ್ಡ್ ಮಾಡುವ ನಾವು ಇದನ್ನು ಮರೆಯಬಾರದು. ಒಂದು ಪೈಸೆಯ ಪತ್ರಿಕೆ ಪರಊರಿನ ಜನಕ್ಕೆ ಧೈರ್ಯ ಕೊಟ್ಟಿತ್ತು. ಒಂದು ಪೈಸೆಯೂ ಖರ್ಚಿಲ್ಲದ ಮೆಸೇಜು ಪರಊರಿನ ಜನರನ್ನು ಓಡಿಸಿತು. ಸಮ್ಮಾ ವಾಚಾ ಎಂಬುದು ಬಾಯಿಗೆ ಮಾತ್ರವಲ್ಲ, ಬೆರಳಿಗೂ ಅನ್ವಯಿಸುತ್ತದೆ.

*ಇಂದು ಯೋಚಿಸೋಣ* 🪷

1️⃣ ನಮ್ಮ ಬೀದಿಯಲ್ಲಿ, ಆಫೀಸಿನಲ್ಲಿ ಇರುವ ಹೊರಊರಿನವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಅದು ಅವರು ಇಟ್ಟುಕೊಂಡ ಹೆಸರೋ, ನಾವು ಅಂಟಿಸಿದ್ದೋ?

2️⃣ ನಮ್ಮದೇ ಗುರುತು, ಅಂದರೆ ಕನ್ನಡಿಗ, ಬೌದ್ಧ, ಇನ್ನಾವುದೇ ಆಗಿರಲಿ, ಇಂದು ನಮ್ಮನ್ನು ದಾಟಿಸುತ್ತಿದೆಯೋ, ನಾವೇ ಅದನ್ನು ಹೊತ್ತುಕೊಂಡಿದ್ದೇವೋ?

3️⃣ ಈ ಭಾನುವಾರದ ಅಧ್ಯಯನಕ್ಕೆ ಬರುವಾಗ, ಪಕ್ಕದ ಮನೆಯ ಅಥವಾ ಜೊತೆಯಲ್ಲಿ ಕೆಲಸ ಮಾಡುವ ಒಬ್ಬರನ್ನು ಕರೆತರಲು ಸಾಧ್ಯವೇ? ಕನ್ನಡ ಬಾರದಿದ್ದರೂ ಚಿಂತೆಯಿಲ್ಲ. ತ್ರಿಶರಣ ಎಲ್ಲರಿಗೂ ಒಂದೇ.

ಪಂಡಿತ ಅಯೋತಿದಾಸರಿಗೂ, ಹೆಸರು ಉಳಿಯದೆ ಗಣಿಯಲ್ಲಿ ದುಡಿದು ಮಣ್ಣಾದ ಆ ಎಲ್ಲ ಉಪಾಸಕ ಉಪಾಸಿಕೆಯರಿಗೂ ಇಂದಿನ ನಮ್ಮ ಪುಣ್ಯ ಸಲ್ಲಲಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ. 🙏